ಹೊಸ ರೋಟರ್, ಹಳೆಯ ಮೈನರ್

ಕಾರು ಮನೆಗೆ ಬಂದ ಮೊದಲ ಭಾನುವಾರವೇ ಅದರ ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ, ಬಿಚ್ಚಿದೆ. ಕೆಟ್ಟಿತ್ತು ಅಂತಲ್ಲ. ಹಳೆಯ ಕಾರು ಕೊಂಡವನಿಗೆ ಏನಾದರೂ ಮಾಡದೆ ಕೈ ಸುಮ್ಮನಿರುವುದಿಲ್ಲ, ಅಷ್ಟೆ. ಪ್ಲಗ್, ಪಾಯಿಂಟ್, ಕಂಡೆನ್ಸರ್, ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಎಲ್ಲವನ್ನೂ ಹೊಸದು ತರಿಸಿ ಹಾಕಿದೆ. ತೆಗೆದ ಹಳೆಯ ಸಾಮಾನನ್ನು ಬಿಸಾಡಲು ಮನಸ್ಸಾಗದೆ ಒಂದು ತಗಡಿನ ಡಬ್ಬಿಗೆ ಹಾಕಿಟ್ಟೆ. ಆ ಡಬ್ಬಿಯ ಕಥೆ ಮುಂದೆ ಬರುತ್ತದೆ.

ಕಾರು 1965ರ ಮಾರಿಸ್ ಮೈನರ್ 1000. 1098 ಸಿಸಿಯ ಎ-ಸೀರೀಸ್ ಎಂಜಿನ್, 48 ಅಶ್ವಶಕ್ತಿ, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರಲ್ಲಿ ಬಂತು, 1971ರವರೆಗೆ ತಯಾರಾಯಿತು. ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರು ಇದೇ. ಬಾನೆಟ್ಟಿನ ನಡುವೆ ಒಂದು ಉಬ್ಬಿದ ಪಟ್ಟಿ ಇದೆಯಲ್ಲ, ಅದು ಅಲಂಕಾರವಲ್ಲ. ತಯಾರಿಕೆಗೆ ಹೋಗುವ ಹೊತ್ತಿಗೆ ಕಾರು ತೀರಾ ಸಪೂರವಾಯಿತು ಅನ್ನಿಸಿ, ಇಸಿಗೋನಿಸ್ ಮಾದರಿಯನ್ನು ಉದ್ದಕ್ಕೆ ಸೀಳಿಸಿ ನಡುವೆ ನಾಲ್ಕು ಇಂಚು ಸೇರಿಸಿದರಂತೆ. ಆ ತೇಪೆಯೇ ಬಾನೆಟ್ಟಿನ ಮೇಲೆ ಉಳಿದದ್ದು. ಹೀಗೆ ಹುಟ್ಟುವಾಗಲೇ ರಿಪೇರಿಯಾದ ಕಾರು ಎಂಬ ಕಾರಣಕ್ಕೇ ನನಗೆ ಇದರ ಮೇಲೆ ಪ್ರೀತಿ ಹೆಚ್ಚು.

ಮೊದಲು ಏಟು ತಿಂದದ್ದು ಸ್ಪ್ಯಾನರ್ ವಿಷಯದಲ್ಲಿ. ನನ್ನ ಬಳಿ ಇದ್ದದ್ದೆಲ್ಲ ಮಿಲಿಮೀಟರ್ ಲೆಕ್ಕದವು. 13ರ ಸ್ಪ್ಯಾನರ್ ಹಾಕಿದೆ, ಕೂತಿತು ಅನ್ನಿಸಿತು, ಜೋರು ಕೊಟ್ಟೆ, ನಟ್ಟಿನ ಮೂಲೆಗಳು ಸವೆದು ದುಂಡಗಾದವು. ಅದು ಅರ್ಧ ಇಂಚಿನ ನಟ್ಟು, ಅಂದರೆ 12.7 ಮಿಮೀ. ಆ 0.3 ಮಿಮೀ ಹೊಸ ನಟ್ಟಿಗೆ ಏನೂ ಅಲ್ಲ. ತುಕ್ಕು ಹಿಡಿದು ಕೂತ ನಟ್ಟಿಗೆ ಅದೇ ಸಾಕು. ಈ ಕಾರಿನ ಬಹುಪಾಲು ನಟ್ಟು ಬೋಲ್ಟುಗಳು ಇಂಚಿನ ಎ.ಎಫ್. ಅಳತೆಯವು, ಅಂದರೆ ನಟ್ಟಿನ ಎದುರುಬದುರು ಮುಖಗಳ ನಡುವಿನ ಅಗಲದ ಲೆಕ್ಕ. 7/16, 1/2, 9/16 ಈ ಮೂರು ಕೈಯಲ್ಲಿದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ. ವಿದ್ಯುತ್ ಭಾಗಗಳ ಸಣ್ಣ ಸ್ಕ್ರೂಗಳದು ಬಿ.ಎ. ಎಂಬ ಬೇರೆಯೇ ಜಾತಿ. ಅಳತೆ ಗೊತ್ತಿಲ್ಲದೆ ಯಾವುದಕ್ಕೂ ಬಲ ಹಾಕಬಾರದು ಎಂಬುದನ್ನು ಆ ದುಂಡಗಾದ ನಟ್ಟನ್ನು ಉಳಿಯಿಂದ ಕತ್ತರಿಸುತ್ತಾ ಕಲಿತೆ.

ಇನ್ನು ಡಬ್ಬಿಯ ಕಥೆ. ಟ್ಯೂನಪ್ ಮಾಡಿದ ಮೇಲೆ ಕಾರು ಒಂದು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಹೊಸ ಚಾಳಿ ಶುರುವಾಯಿತು. ಇಪ್ಪತ್ತು ನಿಮಿಷ ಓಡಿದರೆ ಸಾಕು, ಎರಡು ಸಲ ಕೆಮ್ಮಿ ನಿಂತುಬಿಡುವುದು. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಬಿಸಿಯಾದಾಗ ನಿಲ್ಲುತ್ತದೆ, ತಣ್ಣಗಾದರೆ ಓಡುತ್ತದೆ. ಹಾಗಾದರೆ ಪೆಟ್ರೋಲು ಪೈಪಿನಲ್ಲೇ ಆವಿಯಾಗುತ್ತಿರಬೇಕು ಎಂದು ತೀರ್ಮಾನಿಸಿದೆ. ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿದೆ. ನಿಂತಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಫ್ಲೋಟಿನ ಸೂಜಿ ಬದಲಿಸಿದೆ. ಮತ್ತೆ ನಿಂತಿತು. ಪೆಟ್ರೋಲ್ ಪಂಪಿನ ಪಾಯಿಂಟ್ ಉಜ್ಜಿದೆ. ಆಗಲೂ ನಿಂತಿತು.

ಕಾರು ಪ್ರತಿ ಸಲವೂ ನನಗೆ ಉತ್ತರ ಹೇಳುತ್ತಲೇ ಇತ್ತು. ಎಸ್.ಯು. ಕಂಪನಿಯ ವಿದ್ಯುತ್ ಪಂಪು ಪೆಟ್ರೋಲ್ ತಳ್ಳುವಾಗ ಟಿಕ್ ಟಿಕ್ ಅನ್ನುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ತುಂಬಿದೊಡನೆ ಸುಮ್ಮನಾಗುತ್ತದೆ. ಪೆಟ್ರೋಲ್ ಸಿಗದಿದ್ದರೆ ಬಿಡದೆ ಬಡಿದುಕೊಳ್ಳುತ್ತದೆ. ನನ್ನ ಕಾರು ನಿಂತಾಗಲೆಲ್ಲ ಕೀ ಹಾಕಿದರೆ ಪಂಪು ಎರಡು ಟಿಕ್ ಅಂದು ಸುಮ್ಮನಾಗುತ್ತಿತ್ತು. ಪೆಟ್ರೋಲ್ ಭರ್ತಿ ಇದೆ, ಬೇರೆ ಕಡೆ ನೋಡು ಎಂದು ಅದರ ಅರ್ಥ. ಕೇಳಿಸಿತ್ತು, ಆದರೆ ತಲೆಯೊಳಗೆ ಇಳಿದಿರಲಿಲ್ಲ.

ಕೊನೆಗೆ ಒಂದು ದಿನ, ನಿಂತ ಆ ಕ್ಷಣದಲ್ಲೇ ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದೆ. ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ದಪ್ಪ ವೈರಿನ ತುದಿಯನ್ನು ಹಿಡಿಗೆ ರಬ್ಬರ್ ಇರುವ ಕಟಿಂಗ್ ಪ್ಲೇಯರಿನಲ್ಲಿ ಹಿಡಿದು, ರೋಟರಿನ ನಡುವಿನ ಹಿತ್ತಾಳೆಗೆ ಮೂರು ಮಿಮೀ ದೂರದಲ್ಲಿ ಇಟ್ಟೆ. ಪಾಯಿಂಟ್ ಒಂದು ಸಣ್ಣ ಸ್ವಿಚ್ಚು, ತೆರೆದಾಗಲೆಲ್ಲ ಕಾಯಿಲಿನಲ್ಲಿ ಕಿಡಿ ಹುಟ್ಟುತ್ತದೆ. ಇಗ್ನಿಷನ್ ಹಾಕಿ, ಮುಚ್ಚಿದ್ದ ಪಾಯಿಂಟನ್ನು ಮರದ ಕಡ್ಡಿಯಿಂದ ಬಿಡಿಸಿದೆ. ಚಟ್ ಎಂದು ನೀಲಿ ಕಿಡಿ ರೋಟರಿಗೆ ಹಾರಿತು. ಮತ್ತೆ ಬಿಡಿಸಿದರೆ ಮತ್ತೆ ಹಾರಿತು. ಅದು ಹಾರಬಾರದು. ರೋಟರಿನ ಹಿತ್ತಾಳೆ ಕೂತಿರುವುದು ಪ್ಲಾಸ್ಟಿಕ್ಕಿನ ಮೇಲೆ. ಅದರ ಕೆಳಗಿನ ಶಾಫ್ಟು ಕಾರಿನ ಮೈಗೆ ಸೇರಿದೆ. ಪ್ಲಾಸ್ಟಿಕ್ ಗಟ್ಟಿ ಇದ್ದರೆ ಕಿಡಿಗೆ ಹೋಗಲು ದಾರಿಯೇ ಇಲ್ಲ. ನನ್ನ ಹೊಸ ರೋಟರಿನಲ್ಲಿ ಹಿತ್ತಾಳೆಯನ್ನು ರಿವೆಟ್ ಹೊಡೆದು ಕೂರಿಸಿದ್ದರು. ಆ ರಿವೆಟಿನ ಬುಡದಿಂದ ಶಾಫ್ಟಿಗೆ ಇರುವ ಪ್ಲಾಸ್ಟಿಕ್ ತೀರಾ ತೆಳು. ಬಿಸಿಯಾದೊಡನೆ ಕಿಡಿ ಅಲ್ಲಿಂದಲೇ ತೂರಿ ಇಳಿಯುತ್ತಿತ್ತು, ಪ್ಲಗ್ಗಿಗೆ ಏನೂ ಉಳಿಯುತ್ತಿರಲಿಲ್ಲ.

ಡಬ್ಬಿ ತೆಗೆದು ಹಳೆಯ ರೋಟರ್ ಹಾಕಿದೆ. ಅದರಲ್ಲಿ ರಿವೆಟೇ ಇರಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ಕಾರು ಬಿಸಿಗೆ ನಿಂತಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅದೂ ಆ ಕೂಸನ್ನು ಡಬ್ಬಿಯಲ್ಲಿ ಮುಚ್ಚಿಟ್ಟವನು ನಾನೇ. ಅಂದಿನಿಂದ ಎರಡು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಒಂದು ಸಲಕ್ಕೆ ಒಂದೇ ಭಾಗ ಬದಲಿಸುವುದು. ಓಡುತ್ತಿರುವ ಭಾಗವನ್ನು ಅಳೆದು ನೋಡದೆ ತೆಗೆಯದಿರುವುದು. ಪಾಯಿಂಟಿನ ಸಂದು 0.015 ಇಂಚು, ಪ್ಲಗ್ಗಿನದು 0.025 ಇಂಚು, ಫೀಲರ್ ಗೇಜ್ ಹಾಕಿ ನೋಡಿದರೆ ಸರಿಯಿದೆಯಾ ಇಲ್ಲವಾ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಅದಕ್ಕೆ ಹೊಸ ಸಾಮಾನು ಬೇಕಿಲ್ಲ.

ಟ್ಯಾಪೆಟ್ ಕೆಲಸ, ಅಂದರೆ ವಾಲ್ವುಗಳ ಸಂದು ಹೊಂದಿಸುವುದು, ಸುಲಭ, ಮಜವಾದದ್ದೂ ಹೌದು. ಪ್ಲಗ್ ತೆಗೆದು, ಕಾರನ್ನು ನಾಲ್ಕನೇ ಗೇರಿಗೆ ಹಾಕಿ ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಎಂಜಿನ್ ತಿರುಗುತ್ತದೆ. ಎಂಟು ವಾಲ್ವ್, ಒಂಬತ್ತರ ಲೆಕ್ಕ. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಬೇಕು, ಆರನೆಯದು ತೆರೆದಾಗ ಮೂರನೆಯದನ್ನು. ಎಂಜಿನ್ ತಣ್ಣಗಿರುವಾಗ 0.012 ಇಂಚು.

ಕಾರ್ಬ್ಯುರೇಟರಿಗೆ ಕೈ ಹಾಕುವುದು ಇಷ್ಟೆಲ್ಲ ಸರಿಯಾದ ಮೇಲೆ. ಎಸ್.ಯು. ಅಂದರೆ ಸ್ಕಿನ್ನರ್ಸ್ ಯೂನಿಯನ್, ಸ್ಕಿನ್ನರ್ ಸಹೋದರರ ಕೂಸು. ಒಂದೇ ಜೆಟ್, ಅದರೊಳಗೆ ಇಳಿದಿರುವ ಒಂದು ಚೂಪು ಸೂಜಿ, ಆ ಸೂಜಿಯನ್ನು ಹೊತ್ತು ಗಾಳಿಯ ಸೆಳೆತಕ್ಕೆ ತಕ್ಕಂತೆ ಏರಿ ಇಳಿಯುವ ಒಂದು ಪಿಸ್ಟನ್. ಇಷ್ಟು ಸರಳವಾದ ಯಂತ್ರವನ್ನು ಜನ ಯಾಕೆ ಶಪಿಸುತ್ತಾರೋ ತಿಳಿಯದು. ಬದಿಯಲ್ಲಿರುವ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಮೀ ಒಳಗೇ ಎತ್ತಿ ಕಿವಿಗೊಡಬೇಕು. ಎಂಜಿನ್ ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಬಿದ್ದು ನಿಲ್ಲುವಂತಾದರೆ ಕಮ್ಮಿಯಾಗಿದೆ. ಒಂದು ಗಳಿಗೆ ಏರಿದ ಹಾಗೆ ಮಾಡಿ ತನ್ನ ಲಯಕ್ಕೆ ಮರಳಿದರೆ ಸರಿಯಿದೆ. ಜೆಟ್ಟಿನ ನಟ್ಟನ್ನು ಒಂದೊಂದೇ ಮುಖದಷ್ಟು ತಿರುಗಿಸಿ ನೋಡಬೇಕು. ಮೇಲಕ್ಕೆ ಹೋದರೆ ಕಮ್ಮಿ, ಕೆಳಕ್ಕೆ ಬಂದರೆ ಹೆಚ್ಚು. ಪಿಸ್ಟನ್ ಏರುವುದನ್ನು ನಿಧಾನಿಸುವ ಮೇಲಿನ ಡ್ಯಾಶ್‌ಪಾಟಿನಲ್ಲಿ ಎಣ್ಣೆ ಇದೆಯಾ ಎಂಬುದನ್ನು ಮೊದಲು ನೋಡಿ. ಅದು ಒಣಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಮುಗ್ಗರಿಸುತ್ತದೆ, ನೀವು ಜೆಟ್ ತಿರುಗಿಸುತ್ತಾ ಸಂಜೆ ಮಾಡುತ್ತೀರಿ.

ಓಡದ ಕಾರು ಅಪಾಯದ್ದಲ್ಲ, ನಿಲ್ಲದ ಕಾರು ಅಪಾಯದ್ದು. ಒಂದು ಸಲ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನಿಂತಿದ್ದಾಗ ಪೆಡಲ್ ನನ್ನ ಕಾಲಡಿಯಲ್ಲೇ ಮೆಲ್ಲಗೆ ಇಳಿಯತೊಡಗಿತು. ಗಾಲಿಗಳ ಬಳಿ ಎಲ್ಲೂ ಸೋರಿಕೆ ಇಲ್ಲ. ಬ್ರೇಕ್ ಆಯಿಲ್ ಕೂಡ ಕಮ್ಮಿಯಾಗಿಲ್ಲ. ಹಾಗಾದರೆ ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದು ಒತ್ತಡ ಒಳಗೊಳಗೇ ಜಾರುತ್ತಿದೆ. ಮೈನರಿನಲ್ಲಿ ಈ ಸಿಲಿಂಡರ್ ಬಾನೆಟ್ಟಿನ ಕೆಳಗಿಲ್ಲ. ಚಾಲಕನ ಕಾಲ ಕೆಳಗೆ, ನೆಲದಡಿಯ ಚಾಸಿಸ್ ತೊಲೆಯೊಳಗೆ ಹುದುಗಿದೆ. ಆಯಿಲ್ ನೋಡಬೇಕಾದರೂ ಕಾರ್ಪೆಟ್ ಎತ್ತಬೇಕು. ಎಚ್ಚರಿಕೆಯ ದೀಪ ಇಲ್ಲ, ನಾಲ್ಕೂ ಗಾಲಿಗೆ ಒಂದೇ ಸರ್ಕ್ಯೂಟ್. ಕಣ್ಣಿಗೆ ಬೀಳದ ಜಾಗದಲ್ಲಿ ಇರುವುದರಿಂದಲೇ ಅದನ್ನು ಯಾರೂ ನೋಡುವುದಿಲ್ಲ.

ಸಿಲಿಂಡರನ್ನು ಹಿಡಿದಿರುವುದು ಎರಡು ಉದ್ದದ ಬೋಲ್ಟು. ನಟ್ಟು ಬಿಚ್ಚಿತು, ಬೋಲ್ಟು ತಿರುಗಿತು, ಒಂದಿಷ್ಟು ಹೊರಗೂ ಬಂತು, ಅಲ್ಲಿಗೆ ನಿಂತಿತು. ಮುಂದೆ ಮುಂಗಾಲಿಯ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು, ಅಡ್ಡ! ಕೆಲವರು ಬೋಲ್ಟಿನ ತಲೆ ಕತ್ತರಿಸುತ್ತಾರೆ. ನಾನು ಸಸ್ಪೆನ್ಷನ್ನಿನ ಭಾರ ಇಳಿಸಿ, ಬಾರ್ ಕೂತಿದ್ದ ಹಲ್ಲುಗಳಿಗೆ ಬಣ್ಣದ ಗುರುತು ಹಾಕಿ, ಅದನ್ನೇ ಬಿಡಿಸಿದೆ. ಒಂದು ಹಲ್ಲು ಆಚೀಚೆಯಾದರೂ ಕಾರು ಆ ಬದಿಗೆ ವಾಲುತ್ತದೆ. ಬಾರಿನಲ್ಲಿ ತಿರುಚಿಟ್ಟ ಬಲ ಕೈ ಮುರಿಯುವಷ್ಟಿರುತ್ತದೆ, ಅವಸರ ಕೂಡದು. ಕಾರು ಸ್ಟ್ಯಾಂಡುಗಳ ಮೇಲೆ ಕೂತಿರಬೇಕು. ಬರೀ ಜಾಕಿಯನ್ನು ನಂಬಿ ಕೆಳಗೆ ಮಲಗುವವರ ಜೊತೆ ನಾನು ವಾದ ಮಾಡುವುದಿಲ್ಲ, ಎದ್ದು ಬರುತ್ತೇನೆ. ಎರಡು ವಾರಾಂತ್ಯ ಹಿಡಿಯಿತು. ಹೊಸ ಸಿಲಿಂಡರ್ ಕೂರಿಸುವಾಗ ಬೋಲ್ಟುಗಳನ್ನು ಒಳಗಿನಿಂದ, ಅಂದರೆ ತಲೆ ಬಾರ್ ಇಲ್ಲದ ಕಡೆ ಬರುವಂತೆ, ತಿರುಗಿಸಿ ಹಾಕಿದೆ. ಮುಂದಿನ ಸಲ ಬಿಚ್ಚುವವನಿಗೆ ಬಾರ್ ಮುಟ್ಟುವ ಕೆಲಸ ಇಲ್ಲ. ಪೆಡಲಿನ ಕಡ್ಡಿಗೂ ಸಿಲಿಂಡರಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಬಿಡುವುದನ್ನು ಮರೆತರೆ ಬ್ರೇಕ್ ಬಿಡುವುದೇ ಇಲ್ಲ.

ಬ್ರೇಕ್ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವುದಕ್ಕೆ ಮಗಳನ್ನು ಕರೆದೆ. ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಶುರು. ಬಲಗಡೆ ಸ್ಟೀರಿಂಗ್ ಇರುವ ನನ್ನ ಕಾರಿಗೆ ಅದು ಹಿಂದಿನ ಎಡಗಾಲಿ. "ಒತ್ತು... ಹಿಡ್ಕೋ... ಬಿಡು" ಎಂದು ನಾನು ಕೆಳಗಿನಿಂದ ಕೂಗುವುದು, "ಎಷ್ಟು ಸಲ ಅಪ್ಪಾ?" ಎಂದು ಅವಳು ಮೇಲಿನಿಂದ ಕೇಳುವುದು. ಮೂರನೇ ಗಾಲಿಯ ಹೊತ್ತಿಗೆ ಅವಳೇ "ಈಗ ಗಟ್ಟಿಯಾಯ್ತು, ನೋಡು" ಎಂದಳು. ಪೆಡಲಿನ ಮೇಲಿದ್ದ ಕಾಲಿಗೆ ನನಗಿಂತ ಮೊದಲು ತಿಳಿದಿತ್ತು. ಚೆಲ್ಲಿದ ಬ್ರೇಕ್ ಆಯಿಲನ್ನು ಆಗಲೇ ನೀರು ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ. ನನ್ನ ಕಾರಿನ ಬಾಗಿಲ ಕೆಳಗೆ ಅಂಗೈಯಗಲ ಸಾಕ್ಷಿ ಇದೆ.

ಡ್ರಮ್ಮಿನೊಳಗಿನ ಹಳೆಯ ಧೂಳನ್ನು ಮಾತ್ರ ಊದಬೇಡಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕಟ್ಟಿ ಎಸೆಯಿರಿ. ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಶೂ ಹೊಂದಿಸುವುದಕ್ಕೆ ಗಾಲಿಯ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ, ಗಾಲಿ ಬಿಗಿಯುವವರೆಗೆ ತಿರುಗಿಸಿ, ಒಂದು ಕ್ಲಿಕ್ ಹಿಂದಕ್ಕೆ. ಮುಂದಿನ ಗಾಲಿಗೆ ಇಂಥವು ಎರಡೆರಡು. ಒಂದನ್ನೇ ಹೊಂದಿಸಿ ಎದ್ದುಬಿಡುವವರು ಬಹಳ ಜನ. ಹಿಂದಿನ ಮಾಲೀಕರೂ ಹಾಗೇ ಮಾಡಿದ್ದಿರಬೇಕು, ಶೂಗಳು ಒಂದು ಕಡೆ ಸವೆದು ಇನ್ನೊಂದು ಕಡೆ ಹೊಸದರಂತಿದ್ದವು.

ಮುಂಗಾಲಿಯ ಟ್ರನಿಯನ್ ಬಗ್ಗೆ ಒಂದು ಮಾತು. ಸ್ಟೀರಿಂಗ್ ತಿರುಗಿಸಿದಾಗ ಗಾಲಿ ತಿರುಗುವ ಪಿನ್ನು ಮರೆ (ಥ್ರೆಡ್) ಇರುವ ಗೂಡಿನೊಳಗೆ ಕೂತಿರುತ್ತದೆ, ಆ ಗೂಡೇ ಟ್ರನಿಯನ್. ಗ್ರೀಸ್ ಇಲ್ಲದೆ ಮರೆ ಸವೆದರೆ ಒಂದು ದಿನ ಪಿನ್ನು ಕಳಚಿ, ಗಾಲಿ ಮಡಚಿಕೊಂಡು, ಕಾರು ಮೂಗಿನ ಮೇಲೆ ಕೂರುತ್ತದೆ. ಸಾಮಾನ್ಯವಾಗಿ ನಿಧಾನವಾಗಿ ತಿರುಗಿಸುವಾಗ ಆಗುವುದು, ಅಷ್ಟೇ ಪುಣ್ಯ. ಕಾರು ನೆಲದ ಮೇಲಿದ್ದಾಗ ಗ್ರೀಸ್ ಗನ್ ಒತ್ತಿದರೆ ಭಾರ ಬಿದ್ದ ಕಡೆಗೆ ಗ್ರೀಸ್ ಹೋಗುವುದೇ ಇಲ್ಲ. ಜಾಕಿ ಕೊಟ್ಟು ಗಾಲಿ ಎತ್ತಿ, ಹಳೆಯ ಕಪ್ಪು ಗ್ರೀಸ್ ಪೂರ್ತಿ ಹೊರಬಂದು ಹೊಸದು ಕಾಣುವವರೆಗೆ ಒತ್ತುತ್ತೇನೆ. ಸಾವಿರ ಮೈಲಿಗೆ ಒಮ್ಮೆ, ತಪ್ಪದೆ.

ಕರೆಂಟಿನ ತಂಟೆಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಒಮ್ಮೆ ಸ್ಟಾರ್ಟ್ ಮಾಡುವಾಗ ಚೋಕ್ ಎಳೆದ ಬೆರಳು ಸುಟ್ಟಿತು. ಎಂಜಿನ್ ರಬ್ಬರಿನ ಮೇಲೆ ಕೂತಿದೆ, ಹಾಗಾಗಿ ಸ್ಟಾರ್ಟರಿನ ಕರೆಂಟು ಕಾರಿನ ಮೈಗೆ ಸೇರಲು ಗೇರ್‌ಬಾಕ್ಸಿನ ಬಳಿ ಒಂದು ಹೆಣೆದ ತಾಮ್ರದ ಪಟ್ಟಿ ಇದೆ. ಅದು ತುಕ್ಕಿಗೆ ತುಂಡಾಗಿತ್ತು. ಕರೆಂಟು ಸಿಕ್ಕ ದಾರಿ ಹಿಡಿದು ಚೋಕಿನ ತಂತಿಯಲ್ಲಿ ಹರಿಯುತ್ತಿತ್ತು. ಪಟ್ಟಿ ಬದಲಿಸಿ, ಎರಡೂ ತುದಿಯ ಲೋಹ ಹೊಳೆಯುವಂತೆ ಉಜ್ಜಿದೆ. ಹೆಡ್‌ಲೈಟು ಮಂಕಾಗಿರುವುದಕ್ಕೂ ಹೆಚ್ಚಿನ ಸಲ ಹೀಗೆ ಅರ್ತ್ ಸರಿಯಿಲ್ಲದಿರುವುದೇ ಕಾರಣ. ಇನ್ನೊಂದು: ಈ ಕಾರಿನಲ್ಲಿ ಮೈಗೆ ಸೇರಿರುವುದು ಬ್ಯಾಟರಿಯ ಪಾಸಿಟಿವ್. ಅಭ್ಯಾಸಬಲದಲ್ಲಿ ತಿರುವುಮುರುವು ಮಾಡದಿರಲಿ ಎಂದು ಬ್ಯಾಟರಿಯ ಮೇಲೇ ಬಣ್ಣದಲ್ಲಿ ಬರೆದಿಟ್ಟಿದ್ದೇನೆ.

ತುಕ್ಕಿನ ಕೆಲಸ ನಾನು ಮಾಡಿಲ್ಲ. ಹಿಂದಿನ ಸ್ಪ್ರಿಂಗ್ ಹಿಡಿದಿರುವ ಜಾಗ ಕೊರೆದಿತ್ತು, ವೆಲ್ಡಿಂಗ್ ಬಲ್ಲವರಿಗೆ ಕೊಟ್ಟೆ. ಎಂಜಿನ್ನಿನ ಹಿಂಬದಿಯಿಂದ ಆಯಿಲ್ ತೊಟ್ಟಿಕ್ಕುವುದನ್ನೂ ನಿಲ್ಲಿಸಲು ಹೋಗಿಲ್ಲ. ಕ್ರ್ಯಾಂಕಿನ ಆ ತುದಿಗೆ ಸೀಲೇ ಇಲ್ಲ, ಆಯಿಲನ್ನು ಒಳಕ್ಕೆ ತಿರುಗಿಸಿ ಕಳಿಸುವ ಒಂದು ಸುರುಳಿ ಗೀರು ಇದೆ. ಎಂಜಿನ್ ನಿಂತಾಗ ಗೀರಿಗೂ ಕೆಲಸವಿಲ್ಲ. ಒಂದು ಹಳೆಯ ತಟ್ಟೆ ಇಟ್ಟಿದ್ದೇನೆ. ರಾತ್ರಿಗೆ ನಾಲ್ಕೈದು ಹನಿ ಬೀಳುತ್ತದೆ. ಹತ್ತಾದ ದಿನ ಬಿಚ್ಚಿ ನೋಡುತ್ತೇನೆ.