ಸ್ವಂತ ಕೆಲಸದವರು ವಾಹನದ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸುವುದು ಹೇಗೆ

ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ಗುಣಿಸಿ ವಾಹನದ ಖರ್ಚು ಕಳೆಯುವ ಪದ್ಧತಿ ಕೆಲವು ದೇಶಗಳಲ್ಲಿದೆ. ನಮ್ಮ ಆದಾಯ ತೆರಿಗೆಯಲ್ಲಿ ಸ್ವಂತ ಉದ್ಯೋಗದವರಿಗೆ ಅಂಥ ದರ ಯಾವುದೂ ಇಲ್ಲ. ಇಲ್ಲಿ ನಡೆಯುವುದು ನಿಜವಾಗಿ ಆದ ಖರ್ಚು, ಅದರಲ್ಲೂ ಕೆಲಸಕ್ಕೆ ಆದ ಪಾಲು ಮಾತ್ರ. ಎಷ್ಟು ಖರ್ಚಾಯಿತು ಎಂಬುದಕ್ಕೆ ಬಿಲ್ಲುಗಳಿರುತ್ತವೆ. ಅದರಲ್ಲಿ ಕೆಲಸದ ಪಾಲು ಎಷ್ಟು ಎಂದು ಕೇಳಿದಾಗಲೇ ಹೆಚ್ಚಿನವರು ತಡವರಿಸುವುದು.

ಇಲ್ಲಿ ಕೊಟ್ಟಿರುವ ಸೆಕ್ಷನ್ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2025-26ನೇ ಹಣಕಾಸು ವರ್ಷದವರೆಗಿನ ಆದಾಯಕ್ಕೆ ಇವೇ ಅನ್ವಯ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದಿದ್ದು, ಅದರಲ್ಲಿ ಸಂಖ್ಯೆಗಳು ಬೇರೆ.

ಮೊದಲು ನೋಡಬೇಕಾದದ್ದು: ನಿಮಗೆ ಕಳೆಯುವ ಅವಕಾಶ ಇದೆಯೇ?

ಸೆಕ್ಷನ್ 44ಎಡಿಎ ಅಡಿ ಬಂದ ಹಣದ ಶೇ 50ನ್ನು ಲಾಭವೆಂದು ಘೋಷಿಸುವ ಎಂಜಿನಿಯರ್, ವಾಸ್ತುಶಿಲ್ಪಿ, ತಾಂತ್ರಿಕ ಸಲಹೆಗಾರರು ಕಾರಿನ ಖರ್ಚನ್ನು ಮತ್ತೆ ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಉಳಿದ ಶೇ 50ರಲ್ಲಿ ಪೆಟ್ರೋಲ್, ವಿಮೆ, ಸವಕಳಿ (ವಾಹನ ಹಳತಾದಂತೆ ವರ್ಷವರ್ಷ ಇಳಿಯುವ ಬೆಲೆ) ಎಲ್ಲವೂ ಸೇರಿಹೋಗಿದೆ ಎಂದೇ ಕಾನೂನಿನ ಲೆಕ್ಕ. ವಹಿವಾಟಿನ ಶೇ 8 ಅಥವಾ 6ನ್ನು ಲಾಭವೆಂದು ತೋರಿಸಿ 44ಎಡಿ ಅಡಿ ಹೋಗುವ ಸಣ್ಣ ಗುತ್ತಿಗೆದಾರರಿಗೂ, 44ಎಇ ಅಡಿ ಹೋಗುವ ಲಾರಿ ಮಾಲೀಕರಿಗೂ ಇದೇ ಮಾತು. ಇಂಥವರು ವಾಹನದ ಬಿಲ್ಲು ಕೂಡಿಡುವುದರಿಂದ ಆ ವರ್ಷದ ತೆರಿಗೆ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಹಾಗಾದರೆ ಆ ದಾರಿ ಬಿಟ್ಟು ನಿಜವಾದ ಖರ್ಚು ತೋರಿಸೋಣವೆಂದರೆ, ಲೆಕ್ಕ ಹಾಕಿಯೇ ಇಳಿಯಬೇಕು. 44ಎಡಿಎಗೆ ಅರ್ಹರಾದವರು ಶೇ 50ಕ್ಕಿಂತ ಕಡಿಮೆ ಲಾಭ ತೋರಿಸಿದರೆ, ಒಟ್ಟು ಆದಾಯ ತೆರಿಗೆ ವಿನಾಯಿತಿ ಮಿತಿ ದಾಟಿದ್ದಾಗ, ಲೆಕ್ಕಪುಸ್ತಕದ ಜೊತೆಗೆ ಆಡಿಟ್ ಕೂಡ ಕಡ್ಡಾಯ. 44ಎಡಿಯಲ್ಲಿದ್ದವರು ಐದು ವರ್ಷ ತುಂಬುವ ಮೊದಲೇ ಹೊರಬಂದರೆ ಮುಂದಿನ ಐದು ವರ್ಷ ಅದರೊಳಗೆ ಮರಳುವಂತಿಲ್ಲ. ಒಂದು ಕಾರಿನ ಖರ್ಚಿಗಾಗಿ ಇಷ್ಟೆಲ್ಲ ಮೈಮೇಲೆ ಎಳೆದುಕೊಳ್ಳುವುದು ಬಹುಪಾಲು ಜನರಿಗೆ ಲಾಭದ ಮಾತಲ್ಲ. ಬಾಡಿಗೆ, ಸಹಾಯಕರ ಸಂಬಳ, ಉಪಕರಣ ಎಲ್ಲ ಸೇರಿ ಖರ್ಚು ನಿಜಕ್ಕೂ ಅರ್ಧ ದಾಟುತ್ತಿದ್ದರೆ ಮಾತ್ರ ಯೋಚಿಸಿ.

ಕಮಿಷನ್ ಅಥವಾ ದಲ್ಲಾಳಿ ಆದಾಯದವರ ವಿಷಯ ಬೇರೆ. 44ಎಡಿ ಅವರಿಗೆ ಸಿಗುವುದಿಲ್ಲ. ವಿಮಾ ಏಜೆಂಟರು ನಿಜವಾದ ಖರ್ಚನ್ನೇ ತೋರಿಸಬೇಕು. ಊರೂರು ಸುತ್ತುವ ಅವರಿಗೆ ಮುಂದಿನ ಭಾಗ ಹೆಚ್ಚು ಉಪಯೋಗದ್ದು. ಅಂದಹಾಗೆ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡರೆ ಈ ಖರ್ಚೆಲ್ಲ ಹೋಯಿತು ಎಂಬ ನಂಬಿಕೆ ತಪ್ಪು. ಅಲ್ಲಿ ಹೋಗುವುದು 80ಸಿಯಂಥ ವೈಯಕ್ತಿಕ ಕಡಿತಗಳು. ವ್ಯವಹಾರದ ಖರ್ಚು ಮತ್ತು ಸಾಮಾನ್ಯ ಸವಕಳಿ ಹಾಗೆಯೇ ಉಳಿಯುತ್ತವೆ.

ಕಿಲೋಮೀಟರಿನ ಪುಸ್ತಕ

ಮನೆಗೂ ಕೆಲಸಕ್ಕೂ ಒಂದೇ ವಾಹನವಿದ್ದರೆ ಸೆಕ್ಷನ್ 38(2)ರ ಪ್ರಕಾರ ಕೆಲಸದ ಪಾಲು ಮಾತ್ರ ಸಿಗುತ್ತದೆ. ಪಾಲು ಎಷ್ಟೆಂದು ನೀವು ತೋರಿಸದಿದ್ದರೆ ಅಧಿಕಾರಿ ತಮಗೆ ಸರಿ ಕಂಡಷ್ಟನ್ನು ವೈಯಕ್ತಿಕ ಬಳಕೆಯೆಂದು ಕತ್ತರಿಸುತ್ತಾರೆ. ಅದನ್ನು ಎದುರಿಸಲು ಇರುವ ಆಯುಧ ಲಾಗ್‌ಬುಕ್ ಒಂದೇ.

ಏಪ್ರಿಲ್ 1ರಂದು ಓಡೋಮೀಟರಿನ ಫೋಟೊ ತೆಗೆಯಿರಿ, ಮಾರ್ಚ್ 31ರಂದು ಇನ್ನೊಂದು. ವರ್ಷದ ಒಟ್ಟು ಓಟ ಅಲ್ಲಿಗೆ ಸಿಕ್ಕಿತು. ಇದರ ನಡುವೆ ಕೆಲಸದ ಓಡಾಟಗಳನ್ನಷ್ಟೇ ಬರೆದರೆ ಸಾಕು: ದಿನಾಂಕ, ಹೊರಡುವಾಗ ಮತ್ತು ಮರಳಿದಾಗ ಓಡೋಮೀಟರ್ ಅಂಕಿ, ಎಲ್ಲಿಂದ ಎಲ್ಲಿಗೆ, ಯಾವ ಗ್ರಾಹಕರ ಯಾವ ಕೆಲಸ. ನೋಟ್‌ಬುಕ್ ಆಗಲಿ, ಮೊಬೈಲಿನ ಶೀಟ್ ಆಗಲಿ, ಅದೇ ದಿನ ಬರೆಯಬೇಕು. ಮಾರ್ಚಿನಲ್ಲಿ ಕೂತು ಇಡೀ ವರ್ಷದ್ದನ್ನು ಬರೆದ ಪುಸ್ತಕ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಲ್ಲ ಓಡಾಟವೂ 40, 50, 60 ಕಿ.ಮೀ. ಎಂದು ದುಂಡಗಿರುತ್ತದೆ, ಭಾನುವಾರವೂ ಸೈಟ್ ಭೇಟಿ ಇರುತ್ತದೆ, ಸರ್ವಿಸ್ ಬಿಲ್ಲಿನಲ್ಲಿ ಅಚ್ಚಾದ ಓಡೋಮೀಟರ್ ಅಂಕಿಗೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. ಫಾಸ್ಟ್ಯಾಗ್ ಸ್ಟೇಟ್‌ಮೆಂಟಿನ ದಿನಾಂಕ, ಇನ್‌ವಾಯ್ಸ್ ದಿನಾಂಕ, ಲಾಗ್‌ಬುಕ್ ಮೂರೂ ಹೊಂದಿಕೊಂಡರೆ ಪ್ರಶ್ನೆ ಮುಂದಕ್ಕೆ ಬೆಳೆಯುವುದಿಲ್ಲ.

ಮನೆಯಿಂದ ದಿನಾ ಒಂದೇ ಕಚೇರಿಗೆ ಹೋಗಿಬರುವುದನ್ನು ಕೆಲಸದ ಪಾಲಿಗೆ ಸೇರಿಸಬೇಡಿ. ಅದನ್ನು ವೈಯಕ್ತಿಕ ಓಡಾಟವೆಂದು ನೋಡುವ ಸಂಭವವೇ ಹೆಚ್ಚು. ಕಚೇರಿಯಿಂದ ಸೈಟಿಗೆ, ಒಂದು ಸೈಟಿನಿಂದ ಇನ್ನೊಂದಕ್ಕೆ, ಸಾಮಾನು ತರಲು ಹೋದದ್ದು ಸೇರಿಸಬಹುದು.

ಯಾವುದು ಖರ್ಚು, ಯಾವುದು ಅಲ್ಲ

ಇಂಧನ, ಸರ್ವಿಸ್, ಟಯರ್, ರಿಪೇರಿ, ವಿಮೆ, ಚಾಲಕರ ಸಂಬಳ, ಟೋಲ್, ಪಾರ್ಕಿಂಗ್ ಇವು ಖರ್ಚು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಕಟ್ಟಿರುತ್ತೀರಿ. ಮರ್ಕೆಂಟೈಲ್ ಪದ್ಧತಿಯಲ್ಲಿ (ಹಣ ಕೊಟ್ಟ ದಿನ ನೋಡದೆ, ಖರ್ಚು ಯಾವ ವರ್ಷದ್ದೋ ಆ ವರ್ಷಕ್ಕೆ ಬರೆಯುವ ಕ್ರಮ) ಲೆಕ್ಕ ಇಡುವವರು ಅದನ್ನು ಆಯಾ ವರ್ಷಗಳಿಗೆ ಹಂಚಬೇಕು.

ಕಂತಿನ ಪೂರ್ತಿ ಮೊತ್ತವನ್ನು ಖರ್ಚಿಗೆ ಹಾಕುವುದು ತೀರಾ ಸಾಮಾನ್ಯವಾಗಿ ಕಾಣುವ ತಪ್ಪು. ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಅಸಲಿನ ಬದಲು ಸಿಗುವುದೇ ಸವಕಳಿ. ಬ್ಯಾಂಕಿನಿಂದ ವರ್ಷದ ಬಡ್ಡಿ ಪ್ರಮಾಣಪತ್ರ ತರಿಸಿಕೊಳ್ಳಿ. ಟ್ರಾಫಿಕ್ ದಂಡ ಸಿಗುವುದಿಲ್ಲ. ಕಾನೂನು ಮುರಿದದ್ದಕ್ಕೆ ಕಟ್ಟಿದ ಹಣ ಸೆಕ್ಷನ್ 37ರ ಪ್ರಕಾರ ಖರ್ಚಲ್ಲ. 10 ಲಕ್ಷ ರೂಪಾಯಿ ಮೀರಿದ ವಾಹನ ಕೊಳ್ಳುವಾಗ ಡೀಲರ್ ವಸೂಲು ಮಾಡುವ ಶೇ 1 ಟಿಸಿಎಸ್ ಕೂಡ ಖರ್ಚಲ್ಲ, ಮುಂಗಡ ಕಟ್ಟಿದ ತೆರಿಗೆ. ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಅದನ್ನು ನೋಡಿಕೊಂಡು ರಿಟರ್ನ್‌ನಲ್ಲಿ ಜಮಾ ಪಡೆಯಿರಿ.

ಒಬ್ಬರಿಗೇ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಮಿತಿ ಮೀರಿದ ಭಾಗವಲ್ಲ, ಇಡೀ ಮೊತ್ತವೇ ಹೋಗುತ್ತದೆ. ನಾಲ್ಕು ಟಯರಿಗೆ 24,000 ನಗದು ಕೊಟ್ಟರೆ ಖರ್ಚು ಸೊನ್ನೆ. ಅದೇ ದಿನ ಮೂರು ಬಿಲ್ಲಾಗಿ ಒಡೆದರೂ ಫಲ ಒಂದೇ. ವಾಹನ ಕೊಳ್ಳುವಾಗಲೂ ಹೀಗೆ ನಗದು ಕೊಟ್ಟ ಭಾಗ ಅದರ ಬೆಲೆಗೆ ಸೇರದೆ ಸವಕಳಿ ತಪ್ಪುತ್ತದೆ. ಪೆಟ್ರೋಲ್ ಬಂಕಿನ ರಸೀದಿ ಕೆಲವು ತಿಂಗಳಲ್ಲೇ ಮಾಸಿ ಬಿಳಿ ಕಾಗದವಾಗುತ್ತದೆ, ಆಗಿಂದಾಗ್ಗೆ ಫೋಟೊ ತೆಗೆದಿಡಿ.

ಸವಕಳಿ

ವಾಹನದ ಬೆಲೆ ಎಂದರೆ ಎಕ್ಸ್-ಶೋರೂಂ ಬೆಲೆ, ಆಜೀವ ರಸ್ತೆ ತೆರಿಗೆ, ನೋಂದಣಿ, ಆಗಲೇ ಹಾಕಿಸಿದ ಬಿಡಿಸಾಮಾನು ಎಲ್ಲ ಸೇರಿ. ವಿಮೆ ಇದರಲ್ಲಿ ಬರುವುದಿಲ್ಲ. ಜಿಎಸ್‌ಟಿ ನೋಂದಣಿ ಇದ್ದರೂ, ಚಾಲಕರೂ ಸೇರಿ 13 ಸೀಟಿನವರೆಗಿನ ಪ್ರಯಾಣಿಕ ವಾಹನಕ್ಕೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸಾಮಾನ್ಯವಾಗಿ ಸಿಗದು. ಹಾಗಾಗಿ ಆ ಜಿಎಸ್‌ಟಿಯೂ ಬೆಲೆಗೆ ಸೇರುತ್ತದೆ. ಸರಕು ವಾಹನಕ್ಕೆ ಕ್ರೆಡಿಟ್ ಪಡೆದಿದ್ದರೆ ಅಷ್ಟನ್ನು ಬೆಲೆಯಿಂದ ತೆಗೆಯಬೇಕು.

ದರ: ಸ್ವಂತ ಬಳಕೆಯ ಕಾರು, ಬೈಕಿಗೆ ಶೇ 15; ಬಾಡಿಗೆಗೆ ಓಡಿಸುವ ವ್ಯವಹಾರದ ಟ್ಯಾಕ್ಸಿ, ಲಾರಿ, ಬಸ್ಸಿಗೆ ಶೇ 30; ವಿದ್ಯುತ್ ವಾಹನಕ್ಕೆ ಶೇ 40. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ. ಸಾಮಾನ್ಯ ವರ್ಷದಲ್ಲಿ ಗಡಿ ಅಕ್ಟೋಬರ್ 3. ದಸರೆ, ದೀಪಾವಳಿಗೆಂದು ಕಾದು ತಂದ ಕಾರಿಗೆ ಆ ವರ್ಷ ಹೆಚ್ಚಾಗಿ ಅರ್ಧವೇ ಗತಿ.

ಆರ್‌ಸಿ ಹೆಂಡತಿಯ ಅಥವಾ ತಂದೆಯ ಹೆಸರಲ್ಲಿದ್ದರೆ ಸವಕಳಿಗೆ ತಕರಾರು ಬರುತ್ತದೆ, ಏಕೆಂದರೆ ಅದು ಸಿಗುವುದು ಮಾಲೀಕರಿಗೆ. ಕೆಲಸಕ್ಕೆ ಓಡಿಸಿದ ಇಂಧನದ ಖರ್ಚಿಗೆ ಮಾತ್ರ ಅಡ್ಡಿಯಿಲ್ಲ.

ಒಂದು ಲೆಕ್ಕ

ಏಪ್ರಿಲಿನಲ್ಲಿ ಕೊಂಡ ಕಾರು, ವಿಮೆ ಬಿಟ್ಟು ಬೆಲೆ 10,00,000. ಸವಕಳಿ 1,50,000, ಇಂಧನ 1,08,000, ಸಾಲದ ಬಡ್ಡಿ 70,000, ವಿಮೆ 32,000, ಸರ್ವಿಸ್ 20,000. ಒಟ್ಟು 3,80,000. ವರ್ಷದ ಓಟ 15,000 ಕಿ.ಮೀ., ಅದರಲ್ಲಿ ಕೆಲಸದ್ದು 9,000, ಅಂದರೆ ಶೇ 60. ಸಿಗುವುದು 2,28,000. ಕೆಲಸದ ಓಡಾಟದ್ದೇ ಆದ ಟೋಲ್, ಪಾರ್ಕಿಂಗ್ 12,000 ಇದ್ದರೆ ಅದನ್ನು ಪಾಲು ಮಾಡದೆ ಪೂರ್ತಿ ಸೇರಿಸಿ: 2,40,000.

ಮುಂದಿನ ವರ್ಷದ ಆರಂಭಿಕ ಮೌಲ್ಯ 8,50,000 ಅಲ್ಲ. ನಿಮಗೆ ನಿಜವಾಗಿ ಸಿಕ್ಕ ಸವಕಳಿ 1,50,000ದ ಶೇ 60, ಅಂದರೆ 90,000 ಮಾತ್ರ. ಹಾಗಾಗಿ 9,10,000ದಿಂದ ಮುಂದುವರಿಸಬೇಕು. ಇದನ್ನು ಮರೆತರೆ ಪ್ರತಿ ವರ್ಷವೂ ನಿಮಗೇ ನಷ್ಟ. ಕಾರು ಮಾರಿದಾಗ ಬಂದ ಹಣ ಅದೇ ದರದ ಆಸ್ತಿಗಳ ಗುಂಪಿನ ಮೌಲ್ಯದಿಂದ ಕಳೆಯುತ್ತದೆ. ಉಳಿದ ಮೌಲ್ಯಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ಭಾಗ ಅಲ್ಪಾವಧಿ ಬಂಡವಾಳ ಲಾಭ.

ರಿಟರ್ನ್‌ನಲ್ಲಿ ತುಂಬುವುದು

ನಿಜವಾದ ಖರ್ಚು ತೋರಿಸುವವರಿಗೆ ಐಟಿಆರ್-3 ಎಂಬ ರಿಟರ್ನ್ ಫಾರ್ಮ್. 44ಎಡಿ, 44ಎಡಿಎ, 44ಎಇ ಅಡಿ ಹೋಗುವವರ ಐಟಿಆರ್-4ರಲ್ಲಿ ಇದಕ್ಕೆ ಜಾಗವೇ ಇಲ್ಲ. ಪೂರ್ತಿ ಖರ್ಚನ್ನು ಲಾಭ-ನಷ್ಟ ಪಟ್ಟಿಯಲ್ಲಿ ಹಾಕಿದ್ದರೆ, ವೈಯಕ್ತಿಕ ಪಾಲನ್ನು ಪಾರ್ಟ್ ಎ-ಒಐನಲ್ಲಿ ಸೆಕ್ಷನ್ 37ರ ಸಾಲಿನಲ್ಲಿ ವಾಪಸ್ ಸೇರಿಸಿ. ಸವಕಳಿಯನ್ನು ಡಿಪಿಎಂ ಷೆಡ್ಯೂಲಿನಲ್ಲಿ ತುಂಬಿ, ಅಲ್ಲೇ ಇರುವ 38(2)ರ ಸಾಲಿನಲ್ಲಿ ವೈಯಕ್ತಿಕ ಪಾಲನ್ನು ತೆಗೆಯಿರಿ. ಬ್ಯಾಲೆನ್ಸ್ ಶೀಟಿನಲ್ಲಿ ಕಾರೂ ಅದರ ಸಾಲವೂ ಕಾಣಬೇಕು. ಆಸ್ತಿಯಲ್ಲಿ ಕಾರೇ ಇಲ್ಲದೆ ಸವಕಳಿ ಕೇಳಿದರೆ ಪ್ರಶ್ನೆ ಬಂದೇ ಬರುತ್ತದೆ.

ಗ್ರಾಹಕರು ಪ್ರಯಾಣದ ಖರ್ಚು ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಆದಾಯದಲ್ಲಿ ತೋರಿಸದೆ, ಇತ್ತ ಪೆಟ್ರೋಲನ್ನೂ ಕಳೆಯಬೇಡಿ. ಅವರು ಆ ಮೊತ್ತದ ಮೇಲೂ ಟಿಡಿಎಸ್ ಹಿಡಿದಿದ್ದರೆ ಅದು 26ಎಎಸ್‌ನಲ್ಲಿ ಕಾಣುತ್ತದೆ, ತಾಳೆಯಾಗದ ಅಂಕಿಗೆ ನೋಟಿಸ್ ಬರುತ್ತದೆ. ಬಿಲ್ಲು, ಲಾಗ್‌ಬುಕ್, ಬಡ್ಡಿ ಪತ್ರಗಳನ್ನು ಸಂಬಂಧಿಸಿದ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮುಂದಿನ ವರ್ಷ) ಮುಗಿದ ಮೇಲೂ ಆರು ವರ್ಷ ಇಟ್ಟುಕೊಳ್ಳಿ. ವಾಹನ ಖರೀದಿಯ ಇನ್‌ವಾಯ್ಸ್ ಮಾತ್ರ, ಸವಕಳಿ ಕೇಳುತ್ತಿರುವಷ್ಟು ಕಾಲವೂ ಕೈಗೆ ಸಿಗುವಂತಿರಲಿ.