ಹೊಸದಾಗಿ ಲೈನ್ ಸೂಪರ್‌ವೈಸರ್ ಆದವರಿಗೆ ಒಂದು ಮಾತು

ಗಾರ್ಮೆಂಟ್ಸ್‌ನಲ್ಲಿ ಹೊಸದಾಗಿ ಸೂಪರ್‌ವೈಸರ್ ಆಗಿರುವ ಅಕ್ಕಂದಿರಿಗೆ, ಅಣ್ಣಂದಿರಿಗೆ ಇದು. ಹೊಲಿಯುವಾಗ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ, ರಿಜಿಸ್ಟರ್‌ನಲ್ಲಿ ಅಂಟಿಸಿದ ಮೇಲೇ ಹೊಸ ಸೂಜಿ ಸಿಗುವುದು, ಅಲ್ವಾ? ಒಂದು ಚೂರು ಮಗುವಿನ ಅಂಗಿಯಲ್ಲಿ ಉಳಿದುಬಿಟ್ಟರೆ ಗತಿಯೇನು! ಆದರೆ ಹುಡುಕುವಷ್ಟು ಹೊತ್ತು ಮೆಷಿನ್ ನಿಲ್ಲುತ್ತದೆ, ಟಾರ್ಗೆಟ್ ಹಿಂದೆ ಬೀಳುತ್ತದೆ. ಅದಕ್ಕೆ ನೀವು ಎಲ್ಲರೆದುರು ರೇಗಿದರೆ, ಮುಂದಿನ ಸಲ ಸೂಜಿ ಮುರಿದದ್ದನ್ನು ಮುಚ್ಚಿಡಬೇಕು ಅಂತಲೇ ಹೊಲಿಯುವವರಿಗೆ ಅನ್ನಿಸುತ್ತದೆ.

"ಹೇಳಿದ್ದು ಒಳ್ಳೇದಾಯ್ತಮ್ಮ, ಬಾ ಹುಡುಕೋಣ" ಅನ್ನಿ. ಅಕ್ಕಪಕ್ಕದ ಮೆಷಿನ್‌ನವರೂ ಅದನ್ನು ಕೇಳಿಸಿಕೊಳ್ಳುತ್ತಾರೆ.

ಆಸ್ಪತ್ರೆಗಳ ನರ್ಸ್ ತಂಡಗಳ ಬಗ್ಗೆ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಮೇಲಿನವರು ಚೆನ್ನಾಗಿ ನಡೆಸಿಕೊಳ್ಳುವ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳ ಲೆಕ್ಕ ಜಾಸ್ತಿ ಇತ್ತು. ಅಲ್ಲಿನವರು ಹೆದರದೆ ಹೇಳಿಕೊಳ್ಳುತ್ತಿದ್ದುದೇ ಇದಕ್ಕೆ ಕಾರಣವಿರಬೇಕು ಎಂದು ಅವರು ಕಂಡುಕೊಂಡರು.

ಇನ್ನು, ಎಲ್ಲರ ಸ್ವಭಾವ ಒಂದೇ ಥರ ಇರಲ್ಲ. ಮಾತುಗಾರರು ತಾವೇ ಬಂದು ಹೇಳುತ್ತಾರೆ, ಅವರನ್ನು ಅರ್ಧಕ್ಕೆ ತಡೆಯಬೇಡಿ. ನನಗೆ ಜಾಸ್ತಿ ಚಿಂತೆ ಸಂಕೋಚದವರದ್ದು. ದಾರ ಸರಿಯಿಲ್ಲದಿದ್ದರೂ ತಲೆ ತಗ್ಗಿಸಿಕೊಂಡು ಸುಮ್ನೆ ಹೊಲಿಯುತ್ತಿರುತ್ತಾರೆ. ಅವರ ಹತ್ತಿರ ನೀವೇ ಹೋಗಿ. "ಏನಾದ್ರೂ ತೊಂದ್ರೆ ಇದ್ಯಾ?" ಅಂದರೆ "ಇಲ್ಲ" ಅಂತಾರೆ. "ಬೆಳಿಗ್ಗೆಯಿಂದ ದಾರ ಎಷ್ಟು ಸಲ ಕಿತ್ತುಹೋಯ್ತು?" ಎಂದು ಮೆಲ್ಲಗೆ ಕೇಳಿ, ಉತ್ತರ ಬರುತ್ತದೆ.