ಬ್ಯಾಡಗಿ ಲಾಟಿನ ಲೆಕ್ಕಕ್ಕೆ ಕ್ಲಾಸ್ ಬರೆಯುವುದು ಹೇಗೆ?

ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಲಾಟ್ ಲೆಕ್ಕದಲ್ಲಿ ಟೆಂಡರಿಗೆ ಹೋಗುತ್ತದೆ. ಪ್ರತಿ ಲಾಟಿಗೂ ತಳಿ, ತೂಕ, ವ್ಯಾಪಾರಿಗಳು ಬರೆದ ದರಗಳು ಬೇರೆ ಬೇರೆ. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ, ಲಾಟ್ ಎಂದರೆ ಯಾವ ಯಾವ ವಿವರ, ಅದರಿಂದ ಏನೇನು ಲೆಕ್ಕ ಎಂದು ಒಮ್ಮೆ ಬರೆದಿಡುವುದು ಕ್ಲಾಸ್. ಅದರಂತೆ ಮೆಮೊರಿಯಲ್ಲಿ ತಯಾರಾಗುವ ಒಂದೊಂದು ಲಾಟೂ ಒಂದು ಆಬ್ಜೆಕ್ಟ್. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನೈಗಾರ್ಡ್ ಸಿಮುಲಾ ಭಾಷೆಯಲ್ಲಿ ತಂದ ಕ್ರಮವಿದು.

ಇಲ್ಲಿ ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸೋಣ, ನಾವಿಡುವ ಕನ್ನಡ ಹೆಸರುಗಳನ್ನು ಅದು ಒಪ್ಪುತ್ತದೆ. ಇಲ್ಲಿ ಬರುವ ಕ್ಲಾಸ್ (class), ಡೆಫ್ (def, ಫಂಕ್ಷನ್ ಅಂದರೆ ಒಂದು ಲೆಕ್ಕದ ಕ್ರಮ ಬರೆಯಲು), ಇನಿಟ್ (init, ಆಬ್ಜೆಕ್ಟ್ ತಯಾರಾಗುವಾಗ ತಾನೇ ಓಡುವ ಫಂಕ್ಷನ್), ರಿಟರ್ನ್ (return, ಉತ್ತರ ಕೊಡಲು), ಮ್ಯಾಕ್ಸ್ (max, ಅತಿ ದೊಡ್ಡದನ್ನು ಆರಿಸಲು), ಅಪೆಂಡ್ (append, ಪಟ್ಟಿಗೆ ಸೇರಿಸಲು), ಪ್ರಿಂಟ್ (print, ತೆರೆಯ ಮೇಲೆ ತೋರಿಸಲು) ಮಾತ್ರ ಅದರ ಸ್ವಂತ ಪದಗಳು. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಲಿ.

1. ಕ್ಲಾಸ್ ಬರೆಯಿರಿ. ಒಳಗಿನ ಪ್ರತಿ ಹಂತಕ್ಕೂ ನಾಲ್ಕು ಸ್ಪೇಸ್. ಇನಿಟ್‌ನ ಎರಡೂ ಬದಿಗೆ ಎರಡೆರಡು ಅಂಡರ್‌ಸ್ಕೋರ್.

```
ಕ್ಲಾಸ್ ಲಾಟ್:
    ಡೆಫ್ __ಇನಿಟ್__(ಇದು, ತಳಿ, ತೂಕ):
        ಇದು.ತಳಿ = ತಳಿ
        ಇದು.ತೂಕ = ತೂಕ
        ಇದು.ದರಗಳು = []

    ಡೆಫ್ ಮೊತ್ತ(ಇದು):
        ರಿಟರ್ನ್ ಇದು.ತೂಕ / 100 * ಮ್ಯಾಕ್ಸ್(ಇದು.ದರಗಳು)
```

'ಇದು' ಎಂದರೆ ಸದ್ಯ ಕೈಯಲ್ಲಿರುವ ಆಬ್ಜೆಕ್ಟ್. ರೂಢಿಯಲ್ಲಿ ಆ ಜಾಗಕ್ಕೆ ಸೆಲ್ಫ್ (self) ಎಂದು ಬರೆಯುತ್ತಾರೆ. ನಾಲ್ಕು ಜನ ಓದುವ ಕೋಡಾದರೆ ನೀವೂ ಅದನ್ನೇ ಬರೆಯಿರಿ. [] ಎಂದರೆ ಖಾಲಿ ಪಟ್ಟಿ. ತೂಕ ಕಿಲೋದಲ್ಲಿ, ದರ ಕ್ವಿಂಟಲಿಗೆ, ಅದಕ್ಕೇ 100ರಿಂದ ಭಾಗಿಸಿದ್ದು. ಒಂದೂ ದರ ಬಾರದೆ ಮೊತ್ತ ಕೇಳಿದರೆ ಮ್ಯಾಕ್ಸ್ ಖಾಲಿ ಪಟ್ಟಿ ನೋಡಿ ದೋಷ ಎಸೆಯುತ್ತದೆ.

2. ಕ್ಲಾಸಿನ ಹೊರಗೆ, ಸ್ಪೇಸ್ ಬಿಡದೆ, ಆಬ್ಜೆಕ್ಟ್ ಮಾಡಿ. ದರಗಳು ಉದಾಹರಣೆಗಷ್ಟೆ.

```
ಒಂದು = ಲಾಟ್("ಡಬ್ಬಿ", 450)
ಎರಡು = ಲಾಟ್("ಕಡ್ಡಿ", 320)
ಒಂದು.ದರಗಳು.ಅಪೆಂಡ್(20000)
ಎರಡು.ದರಗಳು.ಅಪೆಂಡ್(15000)
```

ಒಂದು.ಮೊತ್ತ() 90000.0 ಕೊಡುತ್ತದೆ, ಎರಡು.ಮೊತ್ತ() 48000.0. ನೋಡಲು ಪ್ರಿಂಟ್(ಒಂದು.ಮೊತ್ತ()) ಎಂದು ಬರೆಯಿರಿ. ಮೊತ್ತದ ಮುಂದಿನ ಕಂಸ ಮರೆತರೆ ಹಣದ ಬದಲು ಆ ಫಂಕ್ಷನ್ನಿನ ವಿವರ ಅಚ್ಚಾಗುತ್ತದೆ.

3. ಈಗ ಬೇಕೆಂದೇ ಕೆಡಿಸಿ ನೋಡಿ. ಕಲಿಯುವವರು ಈ ಹಂತವನ್ನು ಬಿಡಲೇಬಾರದು. ಇನಿಟ್ ಒಳಗಿನ ಇದು.ದರಗಳು ಸಾಲನ್ನು ಅಳಿಸಿ, ಕ್ಲಾಸ್ ಸಾಲಿನ ಕೆಳಗೇ ದರಗಳು = [] ಎಂದು ಬರೆದು ಓಡಿಸಿ. ಎರಡನೇ ಲಾಟಿನ ಮೊತ್ತ 64000.0 ಆಗುತ್ತದೆ. ಡಬ್ಬಿಯ ದರ ಕಡ್ಡಿಗೆ ಬಿತ್ತು, ಪೈಥಾನ್ ತುಟಿಪಿಟಕ್ಕೆನ್ನಲಿಲ್ಲ! ಕ್ಲಾಸಿನ ಮೈಯಲ್ಲಿರುವ ಸಾಲು ಓಡುವುದು ಒಂದೇ ಸಲ, ಆದ್ದರಿಂದ ಹುಟ್ಟುವುದೂ ಒಂದೇ ಪಟ್ಟಿ. ಆಬ್ಜೆಕ್ಟಿನಲ್ಲಿ ಸ್ವಂತ ಪಟ್ಟಿ ಸಿಗದಾಗ ಪೈಥಾನ್ ಕ್ಲಾಸಿನದನ್ನೇ ಹಿಡಿಯುತ್ತದೆ. ಇನಿಟ್‌ನ ಕಂಸದಲ್ಲಿ ದರಗಳು=[] ಎಂದು, ಒಳಗೆ ಇದು.ದರಗಳು = ದರಗಳು ಎಂದು ಬರೆದರೂ ಇದೇ ಗತಿ. ಎಲ್ಲ ಲಾಟಿಗೂ ಸಮಾನವಾದದ್ದು, ಕ್ವಿಂಟಲಿಗೆ 100 ಕಿಲೋ ಎಂಬಂಥದ್ದು, ಕ್ಲಾಸಿನಲ್ಲಿರಲಿ. ಲಾಟಿನ ಸ್ವಂತದ್ದು ಇನಿಟ್ ಒಳಗೆ. ಒಂದೇ ಆಬ್ಜೆಕ್ಟ್ ಮಾಡಿ ನೋಡಿದರೆ ಈ ತಪ್ಪು ಕಾಣುವುದೇ ಇಲ್ಲ, ಕನಿಷ್ಠ ಎರಡು ಬೇಕು.

ಎರಡು = ಒಂದು ಎಂದು ಬರೆದರೆ ಹೊಸ ಲಾಟ್ ಆಗದು, ಅದೇ ಲಾಟಿಗೆ ಇನ್ನೊಂದು ಹೆಸರಷ್ಟೆ.

ಕನ್ನಡ ಹೆಸರಿಡುವವರಿಗೆ ಇನ್ನೆರಡು ಎಚ್ಚರಿಕೆ. 'ಟೆಂಡರ್‌ಗಳು' ಎಂದು ಬಿಡಿಸಿ ತೋರಿಸಲು ಕೀಬೋರ್ಡ್ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸುತ್ತದೆ, ಪೈಥಾನ್ ಅದನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ಆದರೆ ಒಂದು.ತಳಿ = ಎಂದು ಹೊಸ ಬೆಲೆ ಕೊಡುವಾಗ ಬೆರಳು ಜಾರಿ ಒಂದು.ತಳೀ = ಎಂದಾದರೆ ಪೈಥಾನ್ ಸುಮ್ಮನೆ ಹೊಸ ವಿವರವೊಂದನ್ನು ಸೇರಿಸಿಕೊಂಡು ಮುಂದೆ ಹೋಗುತ್ತದೆ.